ಕೂರುವಷ್ಟು ನೆಲ

ಅಂದು ರಾತ್ರಿ ಇಬ್ಬನಿಯೇ ಹೆಪ್ಪುಗಟ್ಟಿ ಗಿಡ ಸುಡುವ ಫ್ರಾಸ್ಟ್ ಬೀಳುವುದು ಖಂಡಿತವೆಂದು ಫೋನು ಬೆಳಗಿನಿಂದಲೇ ಹೇಳುತ್ತಿತ್ತು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಬಸವಪ್ರಸಾದ್ ಮನೆಯ ಹಿಂದಿನ ಚಪ್ಪರದಿಂದ ಒಣಗಿದ ಹೀರೆಬಳ್ಳಿಯನ್ನು ಎಳೆದು ರಾಶಿ ಹಾಕುತ್ತಿದ್ದ. ಅವನ ತಾಯಿ ವೀರಬಸಮ್ಮ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು ತೊಟ್ಟು, ಪ್ಲಾಸ್ಟಿಕ್ ಬಕೆಟ್ಟು ಹಿಡಿದು, ಬೇಲಿಯುದ್ದಕ್ಕೂ ಅವರೆಕಾಯಿ ಬಿಡಿಸುತ್ತಿದ್ದಳು. ಅವರೆಗೆ ಈ ದೇಶದ ಕಾಲಮಾನ ಇನ್ನೂ ಹೊಂದಿರಲಿಲ್ಲ. ಬೇಸಗೆಯೆಲ್ಲ ಸುಮ್ಮನೆ ಬಳ್ಳಿ ಹಬ್ಬಿಸಿ, ಹಗಲು ಕುಗ್ಗಿದ ಮೇಲೆ ಹೂ ಬಿಟ್ಟು, ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಫ್ರಾಸ್ಟಿಗೆ ಸಿಕ್ಕಿ ಕರಕಾಗುತ್ತಿತ್ತು. ಪ್ರತಿ ವರ್ಷವೂ ಆ ಕೊನೆಯ ದಿನದ ಕೊಯ್ಲು ಅವಳದೇ.

ಕೂಪರ್ಸ್‌ಮಿಲ್ ಎಂಬ ಆ ಊರಿಗೆ ಒಂದೇ ಒಂದು ಟ್ರಾಫಿಕ್ ದೀಪ. ದೀಪದ ಒಂದು ಬದಿಗೆ ಪೋಸ್ಟ್ ಆಫೀಸು, ಇನ್ನೊಂದು ಬದಿಗೆ ಅಯೂಬನ ಔಷಧಿ ಅಂಗಡಿ. ಸ್ವಲ್ಪ ಮುಂದೆ ಒಂದು ಕೆರೆ, ಕೆರೆಯ ದಡದಲ್ಲಿ ಬಿಳಿ ಬಣ್ಣದ ಹಳೆಯ ಚರ್ಚು, ಅದರ ಹಿಂದೆ ಓರೆಯಾಗಿ ನಿಂತ ಸಮಾಧಿ ಕಲ್ಲುಗಳು. ಅಲ್ಲಿಂದಾಚೆ ಹೊಲಗಳು, ಹೊಲಗಳ ನಡುವೆ ಫುಟ್‌ಪಾತಿಲ್ಲದ ಎರಡು ಪಥದ ರಸ್ತೆಗಳು. ನಗರದ ನೀರಿನ ಕೊಳವೆ ಇಲ್ಲಿಯವರೆಗೆ ಬಂದಿರಲಿಲ್ಲ. ಪ್ರತಿ ಮನೆಗೂ ಅದರದೇ ಬೋರ್‌ವೆಲ್ಲು. ರಾಬಿನ್ಸ್‌ವಿಲ್ ಕಡೆಯಿಂದ ಗೋದಾಮುಗಳು ವರ್ಷಕ್ಕೊಂದು ಹೊಲ ನುಂಗುತ್ತ ಹತ್ತಿರವಾಗುತ್ತಿದ್ದವು. ಆದರೂ ವಾರಕ್ಕೆರಡು ದಿನ ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋಗಿ ಬರುವ ಬಸವಪ್ರಸಾದನಿಗೆ, ಸಂಜೆ ಕಾರಿನಿಂದಿಳಿದು ಒಣಹುಲ್ಲಿನ ವಾಸನೆ ಎಳೆದುಕೊಂಡಾಗ ಊರಿಗೆ ಬಂದೆ ಎನ್ನಿಸುತ್ತಿತ್ತು. ಆರು ಎಕರೆಯ ಆ ಜಾಗವನ್ನು ಅವನು ಕೊಂಡದ್ದೇ ಅದಕ್ಕಾಗಿ.

ಮಧ್ಯಾಹ್ನದ ಹೊತ್ತಿಗೆ ಸುಬ್ಬು ಬಂದ. ಪಕ್ಕದ ಜಮೀನಿನಲ್ಲಿ ಹೊಸದಾಗಿ ಕಟ್ಟಿದ ಮನೆಗಳಲ್ಲಿ ಮೊದಲನೆಯದು ಅವನದು. ಕಾರಿನಿಂದ ಇಳಿಯುತ್ತಲೇ ರಸ್ತೆಯ ಕಡೆ ಕೈ ಮಾಡಿದ.

"ನೋಡಿದ್ರಾ ಪ್ರಸಾದ್? ದೀಪದಿಂದ ಇಲ್ಲಿಗೆ ಬರೋಕೆ ಅರ್ಧ ಗಂಟೆ. ಇಡೀ ನ್ಯೂಯಾರ್ಕು ಹಬ್ಬಕ್ಕೆ ಹೊಲದಿಂದ ಕುಂಬಳಕಾಯಿ ಕೀಳೋಕೆ ಇಲ್ಲಿಗೇ ಬಂದಿದೆ!"

"ಇನ್ನೊಂದು ವಾರ ಅಲ್ವಾ, ಬಿಡಿ. ಬನ್ನಿ, ಕೈ ಹಾಕಿದ್ರೆ ಅರ್ಧ ಅವರೆಕಾಯಿ ನಿಮಗೇ."

"ಅಯ್ಯೋ, ನಾನು ಜಯನಗರದವನು. ಅವರೆಕಾಯಿ ಬಳ್ಳೀಲಿ ಬಿಡತ್ತೆ ಅಂತ ಗೊತ್ತಾಗಿದ್ದೇ ನಿಮ್ಮ ಮನೆ ಪಕ್ಕಕ್ಕೆ ಬಂದ್ಮೇಲೆ," ಎಂದು ನಕ್ಕ ಸುಬ್ಬು, ಆಮೇಲೆ ದನಿ ತಗ್ಗಿಸಿದ. "ಗುರುವಾರದ ಹಿಯರಿಂಗ್‌ಗೆ ನೀವು ಬರಲೇಬೇಕು."

ಯಾವ ಹಿಯರಿಂಗ್ ಎಂದು ಬಸವಪ್ರಸಾದ್ ಕೇಳಬೇಕಾಗಿರಲಿಲ್ಲ. ಅಯೂಬ ಮತ್ತು ಅವನಂಥ ಕೆಲವು ಕುಟುಂಬಗಳು ಸೇರಿ, ಸುಬ್ಬುವಿನ ಮನೆಯ ಹಿಂದಿನ ಹಳ್ಳದಾಚೆ ಹತ್ತು ಎಕರೆ ಕೊಂಡಿದ್ದರು. ಅದನ್ನು ತಮ್ಮ ಜನರ ಖಬರಸ್ತಾನ ಮಾಡಿಕೊಳ್ಳಲು ಯಾವ ನೆಲವನ್ನು ಯಾವುದಕ್ಕೆ ಬಳಸಬಹುದೆಂದು ತೀರ್ಮಾನಿಸುವ ಊರಿನ ಜೋನಿಂಗ್ ಬೋರ್ಡಿಗೆ ಅರ್ಜಿ ಹಾಕಿದ್ದರು. ಆ ಅರ್ಜಿಯ ವಿಚಾರಣೆ ಗುರುವಾರ ಸಂಜೆ.

"ಮೊದಲು ಟ್ರಾಫಿಕ್ ಅಂತ ಹೇಳೋಣ ಅಂದ್ಕೊಂಡಿದ್ವಿ," ಎಂದ ಸುಬ್ಬು. "ಈ ಕುಂಬಳಕಾಯಿ ಗಲಾಟೆ ನೋಡಿದ್ಮೇಲೆ ಬೋರ್ಡಿನವರು ನಗ್ತಾರೆ. ನೀರು ಅಂದ್ರೆ ಯಾರೂ ನಗಲ್ಲ. ನೀವು ವಾಟರ್ ಸಪ್ಲೈ ಇಂಜಿನಿಯರ್. ಒಂದೇ ಒಂದು ಮಾತು ಹೇಳಿ ಸಾಕು. ಬಾವಿ ನೀರು ಕೆಡೋ ಸಾಧ್ಯತೆ ತಳ್ಳಿಹಾಕೋಕೆ ಆಗಲ್ಲ ಅಂತ."

"ಯಾವುದರ ಸಾಧ್ಯತೇನೂ ತಳ್ಳಿಹಾಕೋಕೆ ಆಗಲ್ಲ ಸುಬ್ಬು."

"ಅದೇ ಮತ್ತೆ! ಸುಳ್ಳಲ್ಲವಲ್ಲ!"

ಬಸವಪ್ರಸಾದ್ ಕೈಗೆ ಸುತ್ತಿದ ಬಳ್ಳಿಯನ್ನು ಬಿಡಿಸಿಕೊಂಡ.

"ಎದುರುಗಡೆ ವಾಲ್ಟರ್ ಕೂಡ ಅದನ್ನೇ ಹೇಳಿದ," ಸುಬ್ಬು ಮುಂದುವರಿಸಿದ. "ಅವರು ಬಿಳಿಯರು ಮಾತಾಡಿದ್ರೆ ಬೇರೆ ಅರ್ಥ ಬರತ್ತಂತೆ. ನಾವು ಇಂಡಿಯನ್ಸೇ ಹೇಳಿದ್ರೆ ಯಾರೂ ಏನೂ ಅನ್ನೋ ಹಾಗಿಲ್ಲ. ನೋಡಿ, ನನಗೆ ಅಯೂಬ್ ಮೇಲೆ ಏನೂ ಇಲ್ಲ. ಮಗೂಗೆ ಜ್ವರ ಬಂದಾಗ ಅಂಗಡಿ ಬಾಗಿಲು ತೆಗೆದು ಔಷಧಿ ಕೊಟ್ಟಿದಾರೆ. ಆದ್ರೆ ನನ್ನ ಇಷ್ಟು ವರ್ಷದ ದುಡಿಮೆ ಎಲ್ಲ ಆ ಮನೇಲಿದೆ. ನಾಳೆ ಮಾರೋಕೆ ಹೋದಾಗ, ಕಿಟಕಿ ತೆಗೆದ್ರೆ ಸ್ಮಶಾನ ಅಂದ್ರೆ ಯಾರು ತಗೋತಾರೆ ಹೇಳಿ? ನನ್ನ ಹೆಂಡತಿಗೆ ಈಗಲೇ ರಾತ್ರಿ ನಿದ್ದೆ ಇಲ್ಲ."

ಅವನ ಮುಖದಲ್ಲಿದ್ದ ಹೆದರಿಕೆ ನಿಜವಾದದ್ದೇ. ಬಸವಪ್ರಸಾದನಿಗೆ ಅದು ಕಾಣಿಸಿತು. ಇನ್ನೊಂದು ಸಂಗತಿಯೂ ಅವನೊಳಗೆ ಕೆಲಸ ಮಾಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಈ ಊರು ಅವನನ್ನು ಕೈಬೀಸಿ ಮಾತಾಡಿಸಿತ್ತೇ ಹೊರತು, ನೀನು ಬೇಕು ಎಂದು ಒಮ್ಮೆಯೂ ಕರೆದಿರಲಿಲ್ಲ. ಈಗ ಕರೆಯುತ್ತಿತ್ತು.

"ಆಯ್ತು, ಬರ್ತೀನಿ," ಎಂದ.

ಸುಬ್ಬು ಹೋದ ಮೇಲೆ ವೀರಬಸಮ್ಮ ಬಕೆಟ್ಟು ಹಿಡಿದು ನಿಧಾನಕ್ಕೆ ಬಂದಳು. ಬೇಲಿಯ ಮಗ್ಗುಲಲ್ಲೇ ಇದ್ದವಳು ಎಲ್ಲ ಕೇಳಿಸಿಕೊಂಡಿದ್ದಳು.

ಸಂಜೆ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತು ಅವರೆಬೇಳೆ ಹಿತಕುತ್ತಿದ್ದರು. ನೆನೆದ ಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ವೀರಬಸಮ್ಮನ ಬೆರಳುಗಳು ನೋಡದೆಯೇ ನಡೆಯುತ್ತಿದ್ದವು. ಬಸವಪ್ರಸಾದನ ಹೆಂಡತಿ ಹರ್ಷಿತಾ ಒತ್ತಿದ ಬೇಳೆ ಮೂರು ಸಲ ಮೇಜು ದಾಟಿ ನೆಲಕ್ಕೆ ಹಾರಿತ್ತು.

"ಮಗ," ಎಂದಳು ವೀರಬಸಮ್ಮ, "ಹೂತ್ರೆ ನೀರು ಕೆಟ್ಟೋಯ್ತದಾ?"

"ಅದು ಹಾಗಲ್ಲವ್ವ. ಕೆಡಬಹುದು ಅಂತ ಒಂದು ಸಾಧ್ಯತೆ."

"ನಿಮ್ಮಪ್ಪನ ಗದ್ದುಗೆ ಎಲ್ಲಿತ್ತು?"

ಗುಂಡ್ಲುಪೇಟೆ ಸೀಮೆಯ ಅವರ ಹೊಲದಲ್ಲಿ, ತಾತನ ಸಮಾಧಿಯ ಪಕ್ಕಕ್ಕೆ ಅಪ್ಪನದು ಇತ್ತು.

"ಬೈಗಾದ್ರೆ ಬಾವಿಕಟ್ಟೆ ನೆರಳು ಗದ್ದುಗೆ ಮ್ಯಾಲೆ ಬೀಳೋದು. ಅಷ್ಟು ಹತ್ರ. ಆ ನೀರ ಕುಡ್ಕಂಡೇ ನೀನು ಬೆಳದಿದ್ದು, ಇಂಜಿನಿಯರು ಆಗಿದ್ದು. ಕೆರೆ ಪಕ್ಕದ ಚರ್ಚಿನ ಹಿಂದ್ಗಡೇನೂವೆ ಅಷ್ಟೊಂದು ಕಲ್ಲು ನೆಟ್ಟವ್ರೆ. ಅವರ ನೀರು ಕೆಟ್ಟದಾ?"

"ಅತ್ತೆ, ಅದು ಇನ್ನೂರು ವರ್ಷದ್ದು," ಎಂದಳು ಹರ್ಷಿತಾ. "ಪ್ರಸಾದ್ ಒಬ್ಬರೇ ಎಲ್ಲರ ಎದುರು ನಿಂತ್ಕೊಳ್ಳೋಕೆ ಆಗತ್ತಾ? ಮಗಳು ಇಲ್ಲೇ ಓದ್ಬೇಕು, ವಾಲ್ಟರೇ ಟ್ರಾಕ್ಟರ್ ತಂದು ನಮ್ಮ ಹುಲ್ಲು ಕುಯ್ದು ಕೊಡ್ಬೇಕು. ಹೋಗದೇ ಇದ್ರೆ ಆಗ್ತಿತ್ತು. ಬರ್ತೀನಿ ಅಂದಾಗಿದೆ."

"ನಾನೆಲ್ಲಿ ಬ್ಯಾಡ ಅಂದೆ? ಕೇಳುದೆ ಅಷ್ಟೆಯ."

ಹಿತಕಿದ್ದನ್ನು ಪಾತ್ರೆಗೆ ಹಾಕಿ ಇನ್ನೊಂದು ಹಿಡಿ ಕಾಳು ಎಳೆದುಕೊಂಡಳು. ಆಮೇಲೆ ವೀರಬಸಮ್ಮ, ನಾಳೆಯ ಸಾರಿಗೆ ಕಾಯಿ ಇದೆಯೇ ಎಂದು ಕೇಳುವ ದನಿಯಲ್ಲೇ ಕೇಳಿದಳು:

"ನನ್ನ ಎಲ್ಲಿ ಇಟ್ಟೀಯಪ್ಪ?"

"ಏನವ್ವ ಇದು, ಈಗ್ಯಾಕೆ ಆ ಮಾತು? ಊರಿಗೇ ಕರ್ಕೊಂಡು ಹೋಗ್ತೀನಿ."

"ಊರಲ್ಲಿ ಎಲ್ಲಿಗೆ?"

ಆ ಹೊಲ ಈಗ ಇರಲಿಲ್ಲ. ಅಣ್ಣ ತಮ್ಮಂದಿರಿಬ್ಬರೂ ಸೇರಿ ಅದನ್ನು ಕಾಡಂಚಿನ ರೆಸಾರ್ಟಿನವರಿಗೆ ಮಾರಿದ್ದರು. ಅವನ ಪಾಲಿಗೆ ಬಂದದ್ದೇ ಈ ಆರು ಎಕರೆಗೆ ಮುಂಗಡವಾಗಿತ್ತು. ಗದ್ದುಗೆಗಳನ್ನು ಮುಟ್ಟುವುದಿಲ್ಲ ಎಂದು ಕೊಂಡವರು ಹೇಳಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಕಾರು ನಿಲ್ಲಿಸುವ ಜಾಗ ಆಗಿತ್ತು. ಕಾಗದಕ್ಕೆ ತಾಯಿಯೂ ರುಜು ಹಾಕಿದ್ದಳು. ಅಂದಿನಿಂದ ಇಂದಿನವರೆಗೆ ಆ ಬಗ್ಗೆ ಒಂದು ಮಾತು ಆಡಿರಲಿಲ್ಲ.

"ಇಲ್ಲಿ ನಮ್ಮವರೆಲ್ಲ ಸುಡೋದೇ ಅತ್ತೆ," ಎಂದಳು ಹರ್ಷಿತಾ ಮೆಲ್ಲಗೆ. "ಎಲೆಕ್ಟ್ರಿಕ್. ನಮ್ಮ ಪರಿಚಯದವರೆಲ್ಲ ಹಾಗೇ ಮಾಡಿದ್ದು."

"ನಮ್ಮಲ್ಲಿ ಸುಡಲ್ಲ ಕಣವ್ವ," ಎಂದಳು ವೀರಬಸಮ್ಮ. "ಕೂರುಸ್ತಾರೆ. ಅಂಗೈಲಿ ಲಿಂಗ ಕೊಟ್ಟು, ಇಬೂತಿ ಉಂಡೆ ಇಟ್ಟು, ಮಣ್ಣು ಮುಚ್ತಾರೆ. ಬೆಂಕಿ ಅಂದ್ರೆ ನಂಗೆ ಭಯ." ಎದ್ದು, ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಹಿತ್ತಿಲ ಗುಂಡಿಗೆ ಹಾಕಿ ಬರಲು ಹೋದಳು.

ಮರುದಿನ ಭಾನುವಾರ ಅಯೂಬ ಬಂದ. ವೀರಬಸಮ್ಮನ ಬಿ.ಪಿ. ಮಾತ್ರೆಯನ್ನು ಅವನು ಅಂಗಡಿಯ ಹುಡುಗರ ಕೈಲಿ ಕಳಿಸುತ್ತಿರಲಿಲ್ಲ. ತಿಂಗಳಿಗೊಮ್ಮೆ ತಾನೇ ತರುತ್ತಿದ್ದ. ನಂಜನಗೂಡಿನವನಾದ ಅವನಿಗೆ ಇಡೀ ಊರಿನಲ್ಲಿ ತನ್ನ ಸೀಮೆಯ ಮಾತು ಕೇಳುತ್ತಿದ್ದುದು ಈ ಮನೆಯಲ್ಲಿ ಮಾತ್ರ.

"ಕೂತ್ಕೊ, ಹಿತಕಿದಬೇಳೆ ಸಾರು ಅದ. ಉಂಡ್ಕಂಡು ಹೋಗು," ಎಂದಳು ವೀರಬಸಮ್ಮ.

"ಅವ್ವಾ, ವಾಸನೆ ರೋಡಿಗೇ ಬಂತು! ನಮ್ಮ ಅಮ್ಮಿ ಇದಕ್ಕೇ ಕೀಮಾ ಹಾಕಿ ಮಾಡೋರು..."

"ಥೂ! ನನ್ನ ಸಾರಿನ ಮುಂದೆ ಆ ಹೆಸರು ಎತ್ತಬ್ಯಾಡ. ಬೇಳೆಗೆ ಬೇಜಾರಾಯ್ತದ."

ನಗುತ್ತ ಉಂಡ. ತಟ್ಟೆ ಖಾಲಿಯಾದ ಮೇಲೂ ಕೈ ತೊಳೆಯಲು ಏಳದೆ ಬಸವಪ್ರಸಾದನ ಕಡೆ ತಿರುಗಿದ.

"ಪ್ರಸಾದಣ್ಣ, ಗುರುವಾರ ನೀರಿನ ವಿಷಯ ನೀವು ಹೇಳ್ತೀರಂತೆ. ಸುಬ್ಬು ಅವ್ರೇ ಹೇಳಿದ್ರು, ಮುಚ್ಚುಮರೆ ಮಾಡ್ಲಿಲ್ಲ."

"ಹೌದು ಅಯೂಬ್. ಕೇಳಿದ್ರು..."

"ತಪ್ಪು ತಿಳ್ಕೋಬೇಡಿ. ನಿಜವಾಗ್ಲೂ ತೊಂದ್ರೆ ಇದ್ರೆ ಈಗ್ಲೇ ನನಗೆ ಹೇಳ್ಬಿಡಿ. ನಾನೂ ಅದೇ ನೀರು ಕುಡಿಯೋನು. ಅರ್ಜಿ ನಾವೇ ವಾಪಸ್ ತಗೋತೀವಿ. ಇಲ್ಲ ಅಂದ್ರೂ ಹೇಳಿ." ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದ. "ಅಮ್ಮಿ ಹೋದಾಗ ಎಲ್ಲಿಗೆ ತಗೊಂಡು ಹೋದ್ವಿ ಗೊತ್ತಲ್ಲ. ಎರಡು ಗಂಟೆ ದಾರಿ, ಸ್ನೋ ಬೇರೆ. ಈಗ ಶುಕ್ರವಾರ ಅಮ್ಮಿ ಗೋರಿ ಮುಂದೆ ಒಂದು ಫಾತಿಹಾ ಓದ್ಬೇಕು ಅಂದ್ರೆ ಅಂಗಡಿ ಮುಚ್ಚಿ ಹೋಗ್ಬೇಕು. ಆಗಲ್ಲ. ಈ ವರ್ಷ ಎರಡೇ ಸಲ ಹೋಗಿದ್ದು."

ಕೇಳಿದ್ದು ಎಷ್ಟು ನೇರವಾಗಿತ್ತೆಂದರೆ ಬಸವಪ್ರಸಾದನ ಬಾಯಿಗೆ, ಸಾಧ್ಯತೆ ತಳ್ಳಿಹಾಕಲಾಗದು ಎಂಬ ಮಾತು ಬರಲೇ ಇಲ್ಲ. "ನಕ್ಷೆ ಕೊಡಿ, ನೋಡಿ ಹೇಳ್ತೀನಿ," ಎಂದಷ್ಟೇ ಅಂದ.

ಬಾಗಿಲ ಬಳಿ ನಿಂತಿದ್ದ ವೀರಬಸಮ್ಮ ಕೇಳಿದಳು, "ಅಯೂಬ, ನಿಮ್ಮ ಜಾಗದಲ್ಲಿ ನಂಗೊಂದು ಮೂಲೆ ಕೊಟ್ಟಿಯಾ? ನಿಮ್ಮೋರ್ಗೆ ಉದ್ದ ಬೇಕು. ನಮ್ಗೆ ಕೂರೋಷ್ಟು ಸಾಕು, ಆಳ ಬೇಕಷ್ಟೆಯ."

ಅಯೂಬ ಗಲಿಬಿಲಿಗೊಂಡ. ತಮಾಷೆಯೇ ಎಂದು ಅವಳ ಮುಖ ನೋಡಿದ. ಅಲ್ಲ.

"ಅವ್ವಾ..." ಎಂದು ತಡವರಿಸಿದ. "ಸುಳ್ಳು ಹೇಳಲ್ಲ. ಅದು ನನ್ನ ಕೈಲಿಲ್ಲ. ಎಲ್ಲ ಸೇರಿ ಕೊಂಡು ನಮ್ಮೋರಿಗೆ ಅಂತಲೇ ದಾನ ಬಿಟ್ಟ ಜಾಗ ಅದು, ಕಮಿಟಿ ಇದೆ. ಕೇಳಿ ನೋಡ್ತೀನಿ, ಆದ್ರೆ ಒಪ್ಪಲ್ಲ ಅನ್ಸತ್ತೆ."

"ಹೋಗ್ಲಿ ಬುಡು. ನಿಮ್ಮೋರ್ಗೆ ಇನ್ನೂ ಸಿಕ್ಕಿಲ್ಲ, ನಾನು ಆಗ್ಲೇ ಪಾಲು ಕೇಳ್ದೆ," ಎಂದು ಅವಳೇ ನಕ್ಕು ತಟ್ಟೆ ಎತ್ತಿಕೊಂಡಳು. ಅಯೂಬ ನಗಲಾರದೆ ಹೊರಟುಹೋದ.

ಆ ನಾಲ್ಕು ದಿನ ಬಸವಪ್ರಸಾದ್ ಅಯೂಬ ಕಳಿಸಿದ ನಕ್ಷೆಯನ್ನು ಮತ್ತೆ ಮತ್ತೆ ನೋಡಿದ. ನೆಲದಡಿಯ ನೀರು ಅಲ್ಲಿ ಮನೆಗಳ ಕಡೆಗಲ್ಲ, ಹಳ್ಳದ ಕಡೆಗೆ ಹರಿಯುತ್ತಿತ್ತು. ಎಲ್ಲಕ್ಕಿಂತ ಹತ್ತಿರದ ಬಾವಿಯೂ ಬಹು ದೂರದಲ್ಲಿತ್ತು. ಇಷ್ಟು ನೋಡಲು ಅವನಿಗೆ ಅರ್ಧ ಗಂಟೆಯೂ ಬೇಕಾಗಿರಲಿಲ್ಲ. ಉಳಿದ ಹೊತ್ತೆಲ್ಲ ಅವನು ಹುಡುಕುತ್ತಿದ್ದುದು, ಸುಳ್ಳನ್ನೂ ಹೇಳದೆ ನಿಜವನ್ನೂ ಹೇಳದೆ ಕೂತುಬಿಡಬಹುದಾದ ಒಂದು ವಾಕ್ಯವನ್ನು. ರೈಲಿನಲ್ಲಿ ಕೂತು ಅಂಥ ವಾಕ್ಯಗಳನ್ನು ಫೋನಿನಲ್ಲಿ ಬರೆದ, ಅಳಿಸಿದ. ಆಫೀಸಿನಲ್ಲಿ ಅಂಥವನ್ನು ಬರೆದು ಬರೆದು ಅವನ ಕೈ ಪಳಗಿತ್ತು. ಈ ಸಲ ಮಾತ್ರ ಪ್ರತಿ ವಾಕ್ಯದ ಕೊನೆಗೂ, ನನ್ನ ಎಲ್ಲಿ ಇಟ್ಟೀಯಪ್ಪ ಎಂಬ ತಾಯಿಯ ಪ್ರಶ್ನೆಯೇ ಬಂದು ನಿಲ್ಲುತ್ತಿತ್ತು. ಸುಬ್ಬುವಿಗೆ ಫೋನು ಮಾಡಿ ಆಗುವುದಿಲ್ಲ ಎನ್ನಬೇಕೆಂದು ಎರಡು ಸಲ ಎತ್ತಿಕೊಂಡ. ಎರಡು ಸಲವೂ ಕೆಳಗಿಟ್ಟ.

ಗುರುವಾರ ಸಂಜೆ ಪುರಸಭೆಯ ಸಣ್ಣ ಸಭಾಂಗಣ ತುಂಬಿ, ಗೋಡೆಯುದ್ದಕ್ಕೂ ಜನ ನಿಂತಿದ್ದರು. ನಾನೂ ಬರುತ್ತೇನೆ ಎಂದು ವೀರಬಸಮ್ಮ ಹಟ ಹಿಡಿದಿದ್ದಳು. ಹಿಂದಿನ ಸಾಲಿನಲ್ಲಿ ಹರ್ಷಿತಾಳ ಪಕ್ಕ, ಶಾಲು ಹೊದ್ದು, ಹಣೆಯ ವಿಭೂತಿಯೊಂದಿಗೆ ಕೂತಿದ್ದಳು. ಮೊದಲು ಮಾತಾಡಿದವರು ರಸ್ತೆ ಕಿರಿದು ಎಂದರು. ಒಬ್ಬಾಕೆ ಊರಿನ ಸ್ವರೂಪ ಕೆಡುತ್ತದೆ ಎಂದಳು. ಯಾರ ಬಾಯಲ್ಲೂ ಒಂದು ಕೆಟ್ಟ ಪದ ಬರಲಿಲ್ಲ. ಎಲ್ಲರೂ ತುಂಬ ವಿನಯದಿಂದ ಮಾತಾಡಿದರು. ಮುಂದಿನ ಸಾಲಿನಲ್ಲಿ ಅಯೂಬ ಮತ್ತು ಅವನ ಹೆಂಡತಿ ಜಕಿಯಾ ಕೈಕಟ್ಟಿ ಕೂತು ಕೇಳುತ್ತಿದ್ದರು.

ಬಸವಪ್ರಸಾದನ ಹೆಸರು ಕರೆದಾಗ ಸುಬ್ಬು ಅವನ ಬೆನ್ನು ತಟ್ಟಿದ.

ನಿಜವನ್ನೇ ಹೇಳುತ್ತೇನೆಂದು ಕೈಯೆತ್ತಿ ಪ್ರಮಾಣ ಮಾಡಿಸಿದರು. ಮೈಕಿನ ಮುಂದೆ ನಿಂತು ಅವನು ತನ್ನ ಕೆಲಸವೇನು, ಎಷ್ಟು ವರ್ಷದ್ದು ಎಂದು ಹೇಳಿದ. ಆಮೇಲೆ, ನಕ್ಷೆಯನ್ನು ತಾನು ನೋಡಿದ್ದೇನೆ, ಅಲ್ಲಿಯ ನೀರು ಹಳ್ಳದ ಕಡೆಗೆ ಹರಿಯುತ್ತದೆ, ಇಷ್ಟು ದೂರಕ್ಕೆ ಯಾವ ಮನೆಯ ಬಾವಿಗೂ ತೊಂದರೆಯಿಲ್ಲ ಎಂದ. ಸಭೆಯಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಬೋರ್ಡಿನ ಅಧ್ಯಕ್ಷ ಕನ್ನಡಕ ಏರಿಸಿಕೊಂಡು, "ನಿಮ್ಮ ಹೆಸರು ಆಕ್ಷೇಪಣೆ ಮಾಡುವವರ ಕಡೆ ಇದೆಯಲ್ಲ?" ಎಂದು ಕೇಳಿದ.

"ಆಕ್ಷೇಪಣೆ ಹೇಳಲು ಒಪ್ಪಿಕೊಂಡಿದ್ದೆ. ಹೇಳುವಂಥ ಆಕ್ಷೇಪಣೆ ಇಲ್ಲ."

ಅಷ್ಟಕ್ಕೆ ಇಳಿದು ಬರಬಹುದಿತ್ತು. ಅವನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದ.

"ನನ್ನದೂ ಒಂದು ವಿಷಯ ಕೇಳುವುದಿದೆ," ಎಂದ. "ಈ ಊರಿನಲ್ಲಿ ನನಗೆ ಆರು ಎಕರೆ ಇದೆ. ಅದರಲ್ಲಿ ಒಬ್ಬರನ್ನು ಮಣ್ಣು ಮಾಡಲು ಏನು ಮಾಡಬೇಕು?"

ಅಧ್ಯಕ್ಷ ಪಕ್ಕದ ವಕೀಲನ ಮುಖ ನೋಡಿದ. ಅದಕ್ಕೆ ಬೇರೆಯದೇ ಅರ್ಜಿ ಬೇಕು, ಅಕ್ಕಪಕ್ಕದವರಿಗೆಲ್ಲ ನೋಟಿಸು ಹೋಗಬೇಕು, ಇದೇ ಬೋರ್ಡಿನ ಮುಂದೆ ಇದೇ ರೀತಿ ವಿಚಾರಣೆ ಆಗಬೇಕು ಎಂದ ವಕೀಲ. ಆಮೇಲೆ ದನಿ ಮೆತ್ತಗೆ ಮಾಡಿ, "ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೇ?" ಎಂದು ಕೇಳಿದ.

"ಇಲ್ಲ. ನನ್ನ ತಾಯಿಗೆ. ಅಲ್ಲಿ ಕೂತಿದ್ದಾರೆ."

ಇಡೀ ಸಭೆ ಹಿಂದಕ್ಕೆ ತಿರುಗಿತು. ಇಂಗ್ಲಿಷು ಬಾರದ ವೀರಬಸಮ್ಮ, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಶಾಲು ಸರಿಮಾಡಿಕೊಂಡು ಕೈ ಮುಗಿದಳು. ಕೆಲವರು, ಏನು ಮಾಡಬೇಕೆಂದು ತೋಚದೆ, ತಾವೂ ಕೈ ಮುಗಿದರು.

ತೀರ್ಮಾನ ಅಂದು ಆಗಲಿಲ್ಲ. ಅಯೂಬನ ಅರ್ಜಿಯನ್ನು ಮುಂದಿನ ತಿಂಗಳಿಗೆ ಹಾಕಿದರು. ಹೊರಗೆ ಕಾರುಗಳ ನಡುವೆ ಸುಬ್ಬು ಎದುರಾದ.

"ಹೀಗೆ ಮಾಡ್ತೀನಿ ಅಂತ ಒಂದು ಮಾತು ಹೇಳ್ಬಹುದಿತ್ತು ಪ್ರಸಾದ್."

"ಹೇಳ್ಬೇಕಿತ್ತು. ಧೈರ್ಯ ಬರಲಿಲ್ಲ. ಅದು ನನ್ನ ತಪ್ಪೇ."

"ಆ ಕಡೆ ಅವರದು, ಈ ಕಡೆ ನಿಮ್ಮದು. ನಡುವೆ ನನ್ನ ಮನೆ!" ಎಂದು ಸುಬ್ಬು ಕಾರಿನ ಬಾಗಿಲು ಜೋರಾಗಿ ಎಳೆದುಕೊಂಡು ಹೋದ. ವಾಲ್ಟರ್ ಕೈಬೀಸದೆ ದಾಟಿದ. ಅಯೂಬ ಹತ್ತಿರ ಬಂದವನು ಬಸವಪ್ರಸಾದನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತ. ಜಕಿಯಾ ವೀರಬಸಮ್ಮನನ್ನು ಕಾರಿಗೆ ಹತ್ತಿಸಿ, ಶಾಲಿನ ತುದಿ ಬಾಗಿಲಿಗೆ ಸಿಗದಂತೆ ಒಳಗೆ ಸೇರಿಸಿದಳು.

ದಾರಿಯಲ್ಲಿ ವೀರಬಸಮ್ಮ ಕೇಳಿದಳು, "ನನ್ನ ಯಾಕ ಎಲ್ಲಾರೂ ಅಂಗ ನೋಡುದ್ರು?"

"ನಮ್ಮ ಹೊಲದಲ್ಲಿ ನಿನಗೆ ಜಾಗ ಕೇಳಿದೆ ಅವ್ವ."

"ಕೊಟ್ರಾ?"

"ಇನ್ನೂ ಇಲ್ಲ. ಅರ್ಜಿ ಹಾಕಬೇಕು. ಬೇಡ ಅಂದ್ರೂ ಅನ್ನಬಹುದು."

"ಹಾಕು. ನಂಗೇನೂ ಅವಸರ ಇಲ್ಲ," ಎಂದಳು. ಹರ್ಷಿತಾಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಕಿಟಕಿಯ ಕಡೆ ತಿರುಗಿಕೊಂಡಳು.

ಮರುದಿನ ಬೆಳಿಗ್ಗೆ ಬಸವಪ್ರಸಾದ್ ಆಫೀಸಿನ ಕೆಲಸಕ್ಕೆ ಕೂರುವ ಮೊದಲು ಒಂದು ಗೂಟ, ಸುತ್ತಿಗೆ ಹಿಡಿದು ತಾಯಿಯೊಂದಿಗೆ ಹೊಲಕ್ಕಿಳಿದ. ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ್ದ ಮಂಜು ಅವರ ಬೂಟಿನಡಿ ಮುರಿಯುತ್ತಿತ್ತು. ವೀರಬಸಮ್ಮ ಅಲ್ಲಲ್ಲಿ ನಿಂತು, ಮಣ್ಣನ್ನು ಕಾಲಿನಿಂದ ಕೆದಕಿ, ಇಳಿಜಾರು ನೋಡಿ ಮುಂದೆ ಹೋದಳು. ಕೊನೆಗೆ ಪೂರ್ವದ ಅಂಚಿನಲ್ಲಿ, ಬಿಸಿಲು ಮೊದಲು ಬೀಳುವ ಕಡೆ ನಿಂತಳು.

ಅವನು ಬಗ್ಗಿ ಗೂಟ ನೆಟ್ಟು ಸುತ್ತಿಗೆ ಎತ್ತಿದ.

"ತಡಿ, ತಡಿ," ಎಂದಳು ತಾಯಿ. "ಇನ್ನೊಂಚೂರು ಅಂಚಿಗೆ ತಕ್ಕೋ. ಅಲ್ಲಿ ಕೂರ್ಸ್‌ಬುಟ್ರೆ ಟ್ರಾಕ್ಟರು ತಿರುಗೂದೆಂಗೆ?"